ಯುರೋಪಿನ ಅರಸರು ಯಾರ ಪೈಕಿ?

ಪಿಯುಸಿ ಮೊದಲ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇತಿಹಾಸಕ್ಕೆ ನನಗೆ ಬಂದದ್ದು ನೂರಕ್ಕೆ ಹದಿನಾಲ್ಕು. ಅದರಲ್ಲಿ ನಾಲ್ಕು ನಕ್ಷೆಯಲ್ಲಿ ಊರು ಗುರುತಿಸಿದ್ದಕ್ಕೆ. ಉಳಿದ ಹತ್ತು ಎಲ್ಲಿಂದ ಬಂದವೋ ನನಗಂತೂ ಇವತ್ತಿಗೂ ಗೊತ್ತಿಲ್ಲ.

ಮೊದಲ ವರ್ಷದ ಇತಿಹಾಸ ಎಂದರೆ ಜಗತ್ತಿನ ಇತಿಹಾಸ. ಜಗತ್ತು ಎಂದರೆ ಮುಕ್ಕಾಲು ಪಾಲು ಯುರೋಪು. ಅಲ್ಲಿನ ಅರಸರ ಕಾಟ ಏನು ಹೇಳಲಿ! ಒಂದೇ ಹೆಸರು, ಅದರ ಮುಂದೆ ಹದಿನಾಲ್ಕನೆಯವನು, ಹದಿನೈದನೆಯವನು, ಹದಿನಾರನೆಯವನು. ಹುಟ್ಟಿದ ಮಗನಿಗೆ ಬೇರೊಂದು ಹೆಸರು ಹುಡುಕುವಷ್ಟು ಪುರುಸೊತ್ತು ಇರಲಿಲ್ಲವೇ ಈ ಜನಕ್ಕೆ? ಫ್ರಾನ್ಸಿನ ಕ್ರಾಂತಿಯಲ್ಲಿ ಹದಿನಾರನೆಯವನ ತಲೆ ಹೋಗಬೇಕಾದ ಕಡೆ ನಾನು ಹದಿನಾಲ್ಕನೆಯವನ ತಲೆ ತೆಗೆಸಿದ್ದೆ. ಇತಿಹಾಸದ ಮೇಡಂ ಆ ಸಾಲನ್ನು ಇಡೀ ಕ್ಲಾಸಿಗೆ ಓದಿ ತೋರಿಸಿ, ತನ್ನ ಪಾಡಿಗೆ ಹಾಸಿಗೆಯಲ್ಲಿ ಸತ್ತ ಮುದುಕನನ್ನು ಎಬ್ಬಿಸಿ ಕೊಂದ ನಿನ್ನಂಥವಳನ್ನು ನಾನು ಕಂಡೇ ಇಲ್ಲ ಎಂದರು. ಕ್ಲಾಸು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ನನ್ನ ಪಕ್ಕದಲ್ಲೇ ಕೂತಿದ್ದ ನನ್ನ ಗೆಳತಿ.

ನಗು ಮನೆಗೆ ಬರುವಷ್ಟರಲ್ಲಿ ಇಂಗಿಹೋಗಿತ್ತು. ನಮ್ಮ ಮನೆ ಕಮಲಾಪುರದಲ್ಲಿ, ಕಾಲೇಜು ಕಲಬುರಗಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುವುದು, ಸಂಜೆ ಬಸ್ಸಿಗೆ ಬರುವುದು. ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತ, ಮಾತು ಕಡಿಮೆ. ಅಂಕಪಟ್ಟಿ ನೋಡಿ ಕನ್ನಡಕ ತೆಗೆದಿಟ್ಟು, ಫೇಲಾದರೆ ಮುಂದಿನ ವರ್ಷ ಇಲ್ಲೇ ಊರಿನ ಕಾಲೇಜಿಗೆ ಸೇರಿಸುತ್ತೇನೆ, ಅಡ್ಡಾಡಿದ್ದು ಸಾಕು ಎಂದ. ಅಷ್ಟೇ. ಅಪ್ಪ ಒಂದು ಮಾತು ಆಡಿದರೆ ಎರಡನೇ ಸಲ ಆಡುವವನಲ್ಲ.

ಊರಿನ ಕಾಲೇಜು ಕೆಟ್ಟದ್ದೇನಲ್ಲ. ಆದರೆ ಅಲ್ಲಿ ನನ್ನ ಗೆಳತಿ ಇರಲಿಲ್ಲವಲ್ಲ! ಅವಳ ಮನೆ ಸೇಡಂ ರಸ್ತೆಯಲ್ಲಿ, ಅವಳ ತಾಯಿ ಅಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್. ಕಾಲೇಜಿನ ಮೊದಲ ದಿನ ಇಬ್ಬರೂ ತಪ್ಪಾಗಿ ಕಾಮರ್ಸ್ ಕ್ಲಾಸಿನಲ್ಲಿ ಅರ್ಧ ಗಂಟೆ ಕೂತು, ಏನೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದೇ ಶುರು. ಅವಳು ನಗುವಾಗ ಸದ್ದೇ ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತವೆ, ಅದನ್ನು ನೋಡಿದರೆ ನನಗೆ ತಡೆಯಲಾಗುವುದಿಲ್ಲ. ಅವಳಿಲ್ಲದ ಎರಡನೇ ವರ್ಷವನ್ನು ನೆನೆಸಿಕೊಂಡರೇ ನನಗೆ ಅಳು ಬರುತ್ತಿತ್ತು. ನಿಜವಾಗಿಯೂ ಅತ್ತಿದ್ದೇನೆ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು.

ಅವಳೇ ಒಂದು ದಾರಿ ಹುಡುಕಿದಳು. ಸೂಪರ್ ಮಾರ್ಕೆಟ್‌ನಲ್ಲಿ ಹಳೆ ಪುಸ್ತಕ ಮಾರುವ ಗಾಡಿಯಲ್ಲಿ ಯುರೋಪಿನ ಇತಿಹಾಸದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಕೊನೆಯ ಪುಟದಲ್ಲಿ ಅರಸರ ವಂಶಾವಳಿ, ಗೆರೆಯ ಮೇಲೆ ಗೆರೆ. ಯಾರು ಯಾರೆಂದು ಇದರಿಂದ ತಲೆಗೆ ಹತ್ತಬಹುದು ಎಂದು ಅವಳ ಲೆಕ್ಕ. ಅದನ್ನು ಹೊತ್ತುಕೊಂಡು ಒಂದು ಶನಿವಾರ ಕಮಲಾಪುರಕ್ಕೆ ಬಂದಳು, ಎರಡು ದಿನ ಇದ್ದು ಓದುವುದೆಂದು.

ತೊಗರಿ ರಾಶಿ ಮುಗಿದ ದಿನಗಳು. ಆಯಿ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಸುತ್ತಲಿನ ಹಳ್ಳಿಗಳಲ್ಲಿ ಯಾವ ಮನೆಗೆ ಯಾವ ಮನೆಯ ಹೆಣ್ಣು ಬಂದಿದೆ, ಅವಳ ತವರು ಯಾವುದು, ತವರಿನ ತವರು ಯಾವುದು, ಎಲ್ಲ ನಾಲಿಗೆ ತುದಿಯಲ್ಲಿ. ಸಂಬಂಧ ಕೂಡುತ್ತದೋ ಇಲ್ಲವೋ ಕೇಳಲು ಸಂತೆಯ ದಿನ ಜನ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದರು. ಹೊಸ ಮನುಷ್ಯ ಕಂಡರೆ ಆಯಿಯ ಮೊದಲ ಪ್ರಶ್ನೆ ಒಂದೇ, ನೀವು ಯಾರ ಪೈಕಿ?

ನಾವಿಬ್ಬರು ಬಾಯಿಪಾಠ ಮಾಡುತ್ತಿದ್ದೆವು. ಮೊದಲ ಮಹಾಯುದ್ಧ. ಇಂಗ್ಲೆಂಡಿನ ಅರಸ, ಜರ್ಮನಿಯ ದೊರೆ, ರಷ್ಯಾದ ಝಾರ್. ಮೂವರೂ ಕಸಿನ್ಸ್ ಎಂದು ಗೆಳತಿ ಪುಸ್ತಕ ನೋಡಿ ಓದಿದಳು. ಆಯಿಯ ಕೈ ಮೊರದ ಮೇಲೆ ನಿಂತಿತು.

"ಕಸಿನ್ ಅಂದ್ರ ಯಾರವಾ?"

ದೊಡ್ಡಪ್ಪನ ಮಗ, ಚಿಕ್ಕಮ್ಮನ ಮಗ, ಅತ್ತೆಯ ಮಗ, ಮಾವನ ಮಗ, ಎಲ್ಲರಿಗೂ ಇಂಗ್ಲಿಷಿನಲ್ಲಿ ಅದೊಂದೇ ಮಾತು ಎಂದು ಗೆಳತಿ ವಿವರಿಸಿದಳು. ಆಯಿ ಮೊರ ಕೆಳಗಿಟ್ಟೇ ಬಿಟ್ಟಳು.

"ಎಲ್ಲಾರೂ ಒಂದೇ? ಹಂಗಾರ ಹೆಣ್ಣು ಕೊಡೋ ಮನಿ ಯಾವ್ದು, ಕೊಡಬಾರದ ಮನಿ ಯಾವ್ದು, ಹ್ಯಾಂಗ ತಿಳೀತದ ಅವ್ರಿಗಿ?"

ಆಯಿಗೆ ಅದು ಸಹಿಸುವ ಮಾತೇ ಆಗಿರಲಿಲ್ಲ. ಒಳಗೆ ಹೋಗಿ ಒಂದು ಹಿಡಿ ಹುಣಸೆ ಬೀಜ ತಂದಳು. ತೊಡಕಾದ ಸಂಬಂಧವನ್ನು ಬಿಡಿಸುವಾಗ ಆಕೆಯ ಪದ್ಧತಿ ಅದು. ಗಂಡಿಗೆ ಹುಣಸೆ ಬೀಜ, ಹೆಣ್ಣಿಗೆ ತೊಗರಿ ಕಾಳು, ಗಂಡಹೆಂಡತಿಯನ್ನು ಜೋಡಿಸಿ ಇಡುವುದು, ಅವರ ಕೆಳಗೆ ಮಕ್ಕಳು. ಮೊದಲಿನಿಂದ ಹೇಳಿ ಎಂದಳು.

ಮೊದಲಿಗೆ ಇಂಗ್ಲೆಂಡಿನ ಹಳೆಯ ರಾಣಿ, ಒಂದು ತೊಗರಿ ಕಾಳು. ಅವಳ ಗಂಡ ಯಾರು? ಪುಸ್ತಕದಲ್ಲಿ ಕಸಿನ್ ಎಂದೇ ಇತ್ತು. ಗೆಳತಿ ಗೆರೆ ಹಿಡಿದು ಮೇಲೆ ಹೋಗಿ ನೋಡಿದರೆ ಅವನು ರಾಣಿಯ ತಾಯಿಯ ಅಣ್ಣನ ಮಗ. ಸೋದರಮಾವನ ಮಗ! ಆಯಿಯ ಮುಖ ಅರಳಿತು. ನಮ್ಮ ಹಾಗೇ ನಡೆದುಕೊಂಡಿದ್ದಾಳೆ, ಮನೆತನ ಚಲೋ ಇದೆ ಎಂದು ಮೆಚ್ಚಿ, ರಾಣಿಯ ಪಕ್ಕ ಒಂದು ದಪ್ಪ ಬೀಜ ಹುಡುಕಿ ಇಟ್ಟಳು. ಒಂಬತ್ತು ಮಕ್ಕಳು ಎಂದಾಗ ಇನ್ನೂ ಖುಷಿಯಾದಳು.

ನಮಗೆ ಬೇಕಾದದ್ದು ಅವರಲ್ಲಿ ಮೂವರು. ರಾಣಿಯ ಮಗನ ಮಗನೇ ಯುದ್ಧದ ಕಾಲದ ಇಂಗ್ಲೆಂಡಿನ ಅರಸ. ಹಿರಿಯ ಮಗಳ ಮಗ ಜರ್ಮನಿಯ ದೊರೆ. ಇನ್ನೊಬ್ಬ ಮಗಳ ಮಗಳನ್ನು ರಷ್ಯಾದ ಝಾರನಿಗೆ ಕೊಟ್ಟಿದ್ದರು. ಆ ಝಾರನ ತಾಯಿಯೂ ಇಂಗ್ಲೆಂಡಿನ ಅರಸನ ತಾಯಿಯೂ ಡೆನ್ಮಾರ್ಕಿನ ಅಕ್ಕತಂಗಿಯರು. ಅಂಗಳದ ತುಂಬಾ ಬೀಜವೋ ಬೀಜ. ಕೋಳಿಯೊಂದು ಬಂದು ಡೆನ್ಮಾರ್ಕಿನ ರಾಜಕುಮಾರಿಯನ್ನು ತಿಂದಿತು. ಗೆಳತಿಯ ಭುಜ ಕುಣಿಯತೊಡಗಿದವು, ನಾನು ಹೊಟ್ಟೆ ಹಿಡಿದುಕೊಂಡೆ. ಆಯಿ ಮಾತ್ರ ಗಂಭೀರವಾಗಿ ಕೋಳಿಯನ್ನು ಓಡಿಸಿ ಇನ್ನೊಂದು ಕಾಳು ಇಟ್ಟಳು.

ಆಮೇಲೆ ಬೆರಳು ಇಟ್ಟು ತೀರ್ಪು ಹೇಳುತ್ತಾ ಹೋದಳು. ಇಂಗ್ಲೆಂಡ್, ರಷ್ಯಾ ಅಕ್ಕತಂಗಿಯರ ಮಕ್ಕಳು, ಅಂದರೆ ಅಣ್ಣತಮ್ಮಂದಿರು. ಜರ್ಮನಿ ಇಂಗ್ಲೆಂಡಿಗೆ ಸೋದರತ್ತೆಯ ಮಗ. ರಷ್ಯಾಕ್ಕೆ ಹೋದ ಹುಡುಗಿ ಮತ್ತು ಜರ್ಮನಿಯವನು ಅಕ್ಕತಂಗಿಯರ ಮಕ್ಕಳು, ಅಂದರೆ ಅವಳು ಅವನಿಗೆ ತಂಗಿ. ಸಂಬಂಧ ಎಲ್ಲ ಸರಿಯಾಗಿಯೇ ಕೂಡಿದೆಯಲ್ಲ, ಮತ್ತೆ ತಂಟೆ ಏನು ಎಂದು ಕೇಳಿದಳು. ಜರ್ಮನಿಯವನು ರಷ್ಯಾದ ಮೇಲೆ ಯುದ್ಧ ಸಾರಿದ ಎಂದೆ. ಆಯಿ ಕೆಂಪಗಾದಳು.

"ತಂಗಿ ಕೊಟ್ಟ ಮನಿ ಮ್ಯಾಲ ದಂಡ ತಗೊಂಡು ಹೋದ್ನಾ? ಅವ್ನ ಬಾಯಾಗ ಮಣ್ಣ ಹಾಕ."

ರಾಣಿ ಏನು ಮಾಡುತ್ತಿದ್ದಳು ಎಂದಳು. ಅವಳು ಯುದ್ಧಕ್ಕೆ ಮೊದಲೇ ತೀರಿಕೊಂಡಿದ್ದಳು ಎಂದೆವು. ಅದಕ್ಕೇ ಮತ್ತೆ, ಮುದುಕಿ ಇರುವ ತನಕ ಯಾರಿಗೂ ಧೈರ್ಯ ಬಂದಿಲ್ಲ ನೋಡಿ ಎಂದು ಆಯಿ ತನ್ನ ಪಾಲಿಗೆ ಮೊದಲ ಮಹಾಯುದ್ಧವನ್ನು ಮುಗಿಸಿ ಮೊರ ಎತ್ತಿಕೊಂಡಳು.

ನನಗೆ ಆ ಮಧ್ಯಾಹ್ನ ತಲೆಯೊಳಗೆ ದೀಪ ಹಚ್ಚಿದ ಹಾಗಾಯಿತು. ಹೆಸರು ನೆನಪಿಡುವುದೇ ಬೇಡ, ನೆಂಟಸ್ತನ ನೆನಪಿಟ್ಟರೆ ಸಾಕು! ಫ್ರಾನ್ಸಿನ ಹದಿನಾರನೆಯವನ ಹೆಂಡತಿ ಆಸ್ಟ್ರಿಯಾದ ಮಗಳು, ತವರಿನವರು ಸುಮ್ಮನಿರುತ್ತಾರೆಯೇ? ಜರ್ಮನಿಯ ಏಕೀಕರಣ ಎಂದರೆ ಪಾಲಾಗಿ ಬೇರೆ ಒಲೆ ಹೂಡಿದ ಮನೆಗಳು ಮತ್ತೆ ಕೂಡಿದ್ದು. ಅದನ್ನು ಮಾತ್ರ ಆಯಿ ಕೊನೆತನಕ ನಂಬಲಿಲ್ಲ, ಎಲ್ಲಿಯೂ ಹಾಗೆ ಆಗಿದ್ದನ್ನು ತಾನು ಕಂಡಿಲ್ಲ ಎಂದಳು.

ಆ ಸೋಮವಾರ ಇಬ್ಬರೂ ಬಸ್ಸಿನಲ್ಲಿ ಕಲಬುರಗಿಗೆ ಹೊರಟೆವು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕಂಬಿ ಹಿಡಿದು ನಿಂತೇ, ಹೆಸರಿಲ್ಲದೆ ಬರೀ ನೆಂಟಸ್ತನದಲ್ಲೇ, ಜರ್ಮನಿಯವನ ಪಾಠ ಒಪ್ಪಿಸುತ್ತಿದ್ದೆವು. ತಂಗಿಯ ಮನೆಗೆ ಹೀಗೆ ಮಾಡಬಾರದಿತ್ತು, ಅವನಿಗೆ ಮೊದಲಿನಿಂದಲೂ ಸೊಕ್ಕು, ಸೋದರಮಾವನ ಮನೆಯ ಹಡಗು ಕಂಡರೆ ಹೊಟ್ಟೆಕಿಚ್ಚು, ಹೀಗೆ. ಕೆಂಪು ಬಾಳೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಲೊಚಗುಟ್ಟಿದಳು. ಅವಳ ಹಿಂದೆ ಟವೆಲು ಹೊದ್ದ ಒಬ್ಬ ಹಿರಿಯರು ಬಗ್ಗಿ, ಇವರೆಲ್ಲ ಯಾವ ಊರಿನವರು ಎಂದು ಕೇಳಿದರು. ದೂರದವರು ಎಂದಳು ಗೆಳತಿ, ಮುಖದ ಗೆರೆ ಅಲುಗಿಸದೆ.

"ಎಷ್ಟರೆ ದೂರ ಇರಲಿ ಬಿಡ್ರವಾ. ನಾಕು ಮಂದಿ ಹಿರೇರು ಕೂತು ಮಾತಾಡಿಸಿದ್ರ ಮುಗೀತದ. ಬೇಕಂದ್ರ ನಾ ಬರ್ತೀನಿ."

ನಾವು ಒಂದು ಸ್ಟಾಪ್ ಮೊದಲೇ ಇಳಿದುಬಿಟ್ಟೆವು. ರಸ್ತೆ ಬದಿಯಲ್ಲಿ ಕೂತು ನಕ್ಕ ನಗುವಿಗೆ ನನ್ನ ಪಕ್ಕೆ ಎರಡು ದಿನ ನೋಯುತ್ತಿತ್ತು. ಮೊದಲ ಪೀರಿಯಡ್ಡಿಗೆ ತಡವಾಗಿ ಹೋಗಿ ಬೈಸಿಕೊಂಡು, ಅದಕ್ಕೂ ನಕ್ಕೆವು.

ಈ ಹಿಗ್ಗಿನಲ್ಲಿಯೇ ಪ್ರಿಪರೇಟರಿ ಪರೀಕ್ಷೆ ಬರೆದೆ. ಮೊದಲ ಮಹಾಯುದ್ಧದ ಕಾರಣಗಳನ್ನು ವಿವರಿಸಿ, ಹತ್ತು ಅಂಕ. ನೋಡಿದ ಕೂಡಲೇ ಕುಣಿಯುವಂತಾಯಿತು. ಮೂರೂವರೆ ಪುಟ ಬರೆದೆ. ರಾಣಿಯ ಮದುವೆಯಿಂದ ಹಿಡಿದು ತಂಗಿ ಕೊಟ್ಟ ಮನೆಯ ತನಕ ಒಬ್ಬರನ್ನೂ ಬಿಡಲಿಲ್ಲ. ಜರ್ಮನಿಯವನ ನಡತೆಯ ಬಗ್ಗೆ ಆಯಿಯ ಅಭಿಪ್ರಾಯವನ್ನೂ ಸ್ವಲ್ಪ ಮೆತ್ತಗೆ ಮಾಡಿ ಬರೆದೆ. ಉತ್ತರ ಪತ್ರಿಕೆ ವಾಪಸು ಬಂದಾಗ ಅದರ ಪಕ್ಕ ಎರಡು ಅಂಕ. ಕೆಳಗೆ ಮೇಡಂ ಕೆಂಪು ಶಾಯಿಯಲ್ಲಿ, ನೆಂಟಸ್ತನ ಸರಿ, ಕಾರಣ ಎಲ್ಲಿ ಎಂದು ಬರೆದಿದ್ದರು. ಒಟ್ಟು ಇಪ್ಪತ್ತೊಂಬತ್ತು. ಪಾಸಾಗಲು ಮೂವತ್ತೈದು ಬೇಕು. ದೊಡ್ಡ ಪರೀಕ್ಷೆಗೆ ಉಳಿದದ್ದು ಮೂರೇ ವಾರ. ಅಪ್ಪ ಊರಿನ ಕಾಲೇಜಿನಲ್ಲಿ ಸೀಟು ವಿಚಾರಿಸಿಕೊಂಡು ಬಂದಿದ್ದಾನೆ ಎಂದು ಅವ್ವ ಹೇಳಿದಳು.

ಸಿಟ್ಟು ಬಂದದ್ದು ಆಯಿಯ ಮೇಲೆ. ನಿನ್ನ ಬೀಜ, ಕಾಳು ನಂಬಿ ಕೆಟ್ಟೆ ಎಂದು ಕೂಗಾಡಿದೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ. ಆಯಿ ತಿರುಗಿ ಬೈಯಲಿಲ್ಲ. ಕೆಂಪು ಶಾಯಿಯಲ್ಲಿ ಏನಿದೆ ಓದು ಎಂದಳು, ಓದಿದೆ. ನಿಮ್ಮ ಮೇಡಂ ಕೇಳಿದ್ದು ಸರಿಯಾಗಿದೆ ಎಂದಳು. ಯುದ್ಧ ಶುರುವಾದ ದಿನ ಏನಾಯಿತು, ಯಾರ ಹಿಂದೆ ಯಾರು ಬಂದರು, ಅದನ್ನು ಮಾತ್ರ ಹೇಳು ಎಂದಳು.

ಪಠ್ಯಪುಸ್ತಕ ತೆರೆದು ಹೇಳಿದೆ. ಆಸ್ಟ್ರಿಯಾದ ಪಟ್ಟಕ್ಕೆ ಬರಬೇಕಾದವನನ್ನು ಸರ್ಬಿಯಾ ಕಡೆಯ ಹುಡುಗನೊಬ್ಬ ಗುಂಡು ಹಾರಿಸಿ ಕೊಂದ. ಆಸ್ಟ್ರಿಯಾ ಸರ್ಬಿಯಾದ ಮೇಲೆ ಹೋಯಿತು, ನಿನ್ನ ಬೆನ್ನಿಗಿದ್ದೇನೆ ಎಂದು ಜರ್ಮನಿ ಮೊದಲೇ ಮಾತು ಕೊಟ್ಟಿತ್ತು. ಸರ್ಬಿಯಾದ ಬೆನ್ನಿಗೆ ರಷ್ಯಾ, ರಷ್ಯಾಕ್ಕೆ ಮಾತು ಕೊಟ್ಟಿದ್ದು ಫ್ರಾನ್ಸ್, ನಡುವೆ ಜರ್ಮನಿಯ ದಂಡು ನುಗ್ಗಿದ ಬೆಲ್ಜಿಯಂಗೆ ಮಾತು ಕೊಟ್ಟಿದ್ದು ಇಂಗ್ಲೆಂಡ್. ಆಯಿ ಪ್ರತಿ ಹೆಸರಿಗೂ ಒಂದೊಂದು ಬೆರಳು ಮಡಚುತ್ತಿದ್ದಳು. ಒಂದು ಕೈ ಮುಷ್ಟಿಯಾಗಿ ಇನ್ನೊಂದು ಕೈಗೂ ಬಂತು.

"ಜಗಳ ಇಬ್ಬರದು. ಮಾತು ಕೊಟ್ಟು ಸಿಕ್ಕೊಂಡವ್ರು ಊರ ತುಂಬಾ. ನೆಂಟಸ್ತನದಿಂದ ಆಗಿಲ್ಲವಾ ಇದು. ನೆಂಟಸ್ತನ ಇದ್ದೂ ನಿಂದ್ರಲಿಲ್ಲ. ಹಂಗಂತ ಬರಿ."

ಎಷ್ಟೋ ಮದುವೆ ಮುರಿದದ್ದನ್ನು ಆಕೆ ಹೀಗೇ ನೋಡಿದ್ದಳಂತೆ. ಹುಡುಗ ಹುಡುಗಿಗೆ ಏನೂ ತಕರಾರು ಇರುವುದಿಲ್ಲ, ಬೆನ್ನಿಗೆ ಬಂದ ಹತ್ತು ಜನ ತಮ್ಮ ಮಾತು ಕೆಳಗೆ ಬೀಳಬಾರದು ಎಂದು ಕೂತುಬಿಡುತ್ತಾರೆ. ಪಠ್ಯಪುಸ್ತಕದಲ್ಲಿ ಮೈತ್ರಿಕೂಟಗಳು ಎಂಬ ತಲೆಬರಹದ ಕೆಳಗೆ ಇದ್ದದ್ದು ಇದೇ ಎಂದು ನನಗೆ ಹೊಳೆದದ್ದು ಆಗ. ಆರು ತಿಂಗಳಿಂದ ಆ ಪುಟವನ್ನು ಓದುತ್ತಲೇ ಇದ್ದೆ ನಾನು, ಪೆದ್ದಿ.

ಆ ವಾರವೇ ಬಸ್ಸಿನಲ್ಲಿ ಟವೆಲಿನ ಹಿರಿಯರು ಮತ್ತೆ ಸಿಕ್ಕರು. ಗೆಳತಿ ಮತ್ತೊಂದು ಶನಿವಾರಕ್ಕೆ ನಮ್ಮ ಮನೆಗೆ ಹೊರಟಿದ್ದಳು. ನಮ್ಮನ್ನು ಗುರುತು ಹಿಡಿದು, ಆ ತಂಗಿಯ ಮನೆಯ ಜಗಳ ಬಗೆಹರಿಯಿತೇ ಎಂದು ಕಾಳಜಿಯಿಂದ ಕೇಳಿದರು. ನನಗೆ ನಗು ಗಂಟಲಿಗೆ ಬಂದಿತ್ತು. ಗೆಳತಿ ಏನೋ ತಮಾಷೆ ಮಾಡಲು ಬಾಯಿ ತೆರೆದವಳು, ಹಿಂದಿನ ದಿನವಷ್ಟೇ ರಷ್ಯಾದ ಕ್ರಾಂತಿಯ ಪಾಠದಲ್ಲಿ ಓದಿದ್ದನ್ನು ಇದ್ದ ಹಾಗೇ ಹೇಳಿಬಿಟ್ಟಳು. ಆ ತಂಗಿ, ಅವಳ ಗಂಡ, ಐದು ಮಕ್ಕಳು, ಎಲ್ಲರನ್ನೂ ಕೊಂದುಬಿಟ್ಟರು ಎಂದಳು.

ಮಕ್ಕಳನ್ನೂ? ಎಂದರು ಹಿರಿಯರು. ಟವೆಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದರು, ಇಳಿಯುವ ತನಕ ನಮ್ಮ ಕಡೆ ನೋಡಲೇ ಇಲ್ಲ. ನಮಗೂ ನಗು ಬರಲಿಲ್ಲ. ಅಷ್ಟು ದಿನ ಬೀಜ, ಕಾಳು ಆಗಿದ್ದವರು ಆವತ್ತು ನನಗೆ ಮೊದಲ ಸಲ ಮನುಷ್ಯರಾಗಿ ಕಂಡರು. ಆಯಿಗೆ ಮಾತ್ರ ಈ ಸುದ್ದಿ ಹೇಳುವುದು ಬೇಡ ಎಂದು ಇಬ್ಬರೂ ಒಪ್ಪಿಕೊಂಡೆವು.

ದೊಡ್ಡ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕೈಗೆ ಬಂತು. ಅರ್ಧದಷ್ಟು ನಾನು ಓದಿರದ ಕೈಗಾರಿಕಾ ಕ್ರಾಂತಿಯೇ. ಅಲ್ಲಿ ಅರಸರೂ ಇಲ್ಲ, ಮದುವೆಯೂ ಇಲ್ಲ, ಬರೀ ಉಗಿ ಯಂತ್ರ. ಕೊನೆಯ ಪುಟ ತಿರುಗಿಸಿದರೆ ಅಲ್ಲಿ ಮೊದಲ ಮಹಾಯುದ್ಧ, ಹತ್ತು ಅಂಕ. ಈ ಸಲ ನೆಂಟಸ್ತನಕ್ಕೆ ನಾಲ್ಕೇ ಸಾಲು ಕೊಟ್ಟೆ. ಇಷ್ಟು ಹತ್ತಿರದ ಸಂಬಂಧ ಇದ್ದರೂ ಯುದ್ಧ ನಿಲ್ಲಲಿಲ್ಲ, ಏಕೆಂದರೆ ಒಬ್ಬರ ಬೆನ್ನಿಗೆ ಒಬ್ಬರು ಮಾತು ಕೊಟ್ಟು ಕಟ್ಟಿಹಾಕಿಕೊಂಡಿದ್ದರು ಎಂದು ಬರೆದು, ಆಯಿಯ ಬೆರಳುಗಳ ಕ್ರಮದಲ್ಲೇ ಒಂದೊಂದು ದೇಶವನ್ನು ತಂದು, ಉಳಿದ ಕಾರಣಗಳನ್ನೂ ಸೇರಿಸಿದೆ. ಹೊರಗೆ ಬಂದಾಗ ಗೆಳತಿ ಹೇಗಾಯಿತು ಎಂದು ಕೇಳಿದಳು. ನಾನು ಅವಳ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಮೊದಲ ವರ್ಷದ ಪತ್ರಿಕೆಗಳನ್ನು ನಮ್ಮ ಕಾಲೇಜಿನಲ್ಲೇ ತಿದ್ದುತ್ತಿದ್ದರು. ಫಲಿತಾಂಶದ ದಿನ ಬೋರ್ಡಿನ ಮುಂದೆ ನೂಕುನುಗ್ಗಲು. ಗೆಳತಿ ನನ್ನ ನಂಬರು ಮೊದಲು ನೋಡಿ ಕಿರುಚಿದಳು. ಅವಳ ನಗುವಿಗೆ ಸದ್ದು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಇತಿಹಾಸ ನಲವತ್ತೊಂದು! ಅವಳೂ ಪಾಸು, ಎಪ್ಪತ್ತು ಚಿಲ್ಲರೆ. ಮೇಡಂ ನನ್ನನ್ನು ಒಳಗೆ ಕರೆದು ಉತ್ತರ ಪತ್ರಿಕೆ ತೋರಿಸಿದರು. ಯುದ್ಧದ ಉತ್ತರಕ್ಕೆ ಹತ್ತಕ್ಕೆ ಎಂಟು. ಇದನ್ನು ಎಲ್ಲಿ ಓದಿದೆ ಎಂದು ಕೇಳಿದರು, ನಮ್ಮ ಆಯಿ ಹೇಳಿದ್ದು ಎಂದೆ. ಆಯಿ ಯಾವ ಕಾಲೇಜಿನಲ್ಲಿ ಓದಿದವರು ಎಂದರು.

ಮನೆಗೆ ಓಡಿ ಬಂದು ಆಯಿಯನ್ನು ತಬ್ಬಿಕೊಂಡೆ. ಅಪ್ಪ ಅಂಕಪಟ್ಟಿ ನೋಡಿ, ಎರಡನೇ ವರ್ಷದ ಪುಸ್ತಕ ಯಾವಾಗ ತರಬೇಕು ಎಂದು ಕೇಳಿದ, ಅಂದರೆ ಎಲ್ಲ ಬಗೆಹರಿಯಿತು. ಆಯಿಗೆ ಮಾತ್ರ ಒಂದೊಂದೂ ಬೇಕು. ತಾನು ಹೇಳಿದ್ದನ್ನು ಶಾಯಿಯಲ್ಲಿ ಬರೆದೆಯಾ, ಓದಿದವರು ಅದನ್ನು ಓದಿದರಾ, ಎಷ್ಟು ಕೊಟ್ಟರು. ಎಂಟು ಎಂದೆ. ಒಟ್ಟು ಎಷ್ಟು, ಪಾಸಾಗಲು ಎಷ್ಟು ಬೇಕಿತ್ತು ಎಂದಳು. ನಲವತ್ತೊಂದು, ಮೂವತ್ತೈದು. ಆಕೆ ಬೆರಳು ಮಡಚಿ ಬಿಚ್ಚಿ ಲೆಕ್ಕ ಹಾಕಿದಳು. ನನ್ನ ಎಂಟು ತೆಗೆದರೆ ನಿನಗೆ ಎಷ್ಟು ಉಳಿಯಿತು ಎಂದಳು.

ಮೂವತ್ಮೂರು ಎಂದೆ, ಸಣ್ಣ ದನಿಯಲ್ಲಿ. ಅಂದರೆ ಫೇಲು.

ಆಯಿ ನನ್ನ ಮುಖವನ್ನೇ ನೋಡಿದಳು. ಎದ್ದು ಸೆರಗು ಸರಿಮಾಡಿಕೊಂಡು, ಅಡುಗೆಮನೆಯಿಂದ ಸಕ್ಕರೆ ಡಬ್ಬಿ ತೆಗೆದುಕೊಂಡು ಬಾಗಿಲಿಗೆ ನಡೆದಳು. ಹೊಸ್ತಿಲಲ್ಲಿ ನಿಂತು ತಿರುಗಿದಾಗ ಆಕೆಯ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಹಂಗಾರ ಪಾಸಾದಾಕಿ ನಾ."

ಓಣಿಯ ಪ್ರತಿ ಮನೆಯಲ್ಲೂ ಆಕೆ ಹೇಳಿದ್ದು ಅದನ್ನೇ. ತಾನು ಪಿಯುಸಿ ಮೊದಲ ವರ್ಷ ಪಾಸಾದೆ ಎಂದು ಎಲ್ಲರ ಕೈಗೂ ಸಕ್ಕರೆ ಹಾಕಿದಳು. ಯಾರಾದರೂ ಕೇಳಿದರೆ ಮಾತ್ರ, ಮೊಮ್ಮಗಳೂ ಆಗಿದ್ದಾಳೆ ಎಂದಳು.